ಓನರ್ ಅಂಕಲ್ ಕಾರಿನಲ್ಲಿ ನನ್ನ ದನಿ

"ತಿಪ್ಪಸಂದ್ರದ ಓನರ್ ಅಂಕಲ್ ತೀರಿಕೊಂಡಾರಂತ" ಎಂದು ನನ್ನ ಗಂಡ ಫೋನು ಕೆಳಗಿಟ್ಟು ಹೇಳಿದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಲಿಲ್ಲ. ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದಾಗ, ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಕೆಳಗೆ ಕೇಳುತ್ತದೆಂದು ಮೆಟ್ಟಿಲು ಹತ್ತಿ ಬಂದು, "ಚಪಾತಿ ಲಟ್ಟಿಸ್ಕೊಳಮ್ಮ, ಅದಕ್ಕೆ ಸೌಂಡ್ ಇರಲ್ಲ" ಎಂದಿದ್ದವರು ಅವರು. ಅದು ನೆನಪಾಗಿ ಆವತ್ತು ಸ್ವಲ್ಪ ಜೋರಾಗಿಯೇ ಬಡಿದೆ.

ತೀರಿಕೊಂಡವರನ್ನು ಹೊಗಳುವುದು ರೂಢಿ. ನನಗೆ ಆ ರೂಢಿ ಒಗ್ಗುವುದಿಲ್ಲ. ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಅಷ್ಟು ವರ್ಷ ಅವರ ತಲೆಯ ಮೇಲೆಯೇ ವಾಸ ಮಾಡಿದರೂ ಅವರು ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ‘ಏನಮ್ಮಾ’, ಬೇರೆಯವರ ಹತ್ತಿರ ‘ಮೇಲಿನ ಮನೆಯವಳು’. ನಾನೂ ಅವರನ್ನು ಹಾಗೆಯೇ ಬಿಡುತ್ತೇನೆ.

ಅವರನ್ನು ಮೊದಲು ನೋಡಿದ್ದು ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯ ಹಿಂದಿನ ಗಲ್ಲಿಯಲ್ಲಿ, ಅವರದೇ ಗೇಟಿನ ಎದುರು. ಬಾಡಿಗೆಯ ಬೋರ್ಡು ನೋಡಿ ನಾನೂ ನನ್ನ ಗಂಡನೂ ನಿಂತಿದ್ದೆವು. ಒಳಗಿನಿಂದ ಬಂದವರು ತೆಳ್ಳಗಿನ ಮನುಷ್ಯ, ಮಾಸಿದ ನೀಲಿ ಅಂಗಿ, ಜೇಬಿನಲ್ಲಿ ಒಂದು ಪುಟ್ಟ ಸ್ಟೀಲಿನ ಸ್ಕೇಲು. ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯಾಗಿದ್ದು ಕೆಲಸಕ್ಕೆ ಮಾತ್ರ, ಅಂಗಿಗೂ ಸ್ಕೇಲಿಗೂ ಅಲ್ಲ.

"ಯಾವ್ ಕಡೆಯವ್ರು?" ಎಂದು ಕೇಳಿದರು.

"ಕಲಬುರಗಿ ಕಡೆಯವ್ರರಿ" ಎಂದ ನನ್ನ ಗಂಡ.

"ಓ. ಮುಂಚೆ ನಿಮ್ ಕಡೆಯವ್ನೇ ಒಬ್ಬ ಇದ್ದ. ಗೋಡೆ ತುಂಬಾ ಮೊಳೆ ಹೊಡ್ದು ಹೋದ. ಒಂದ್ ಸ್ಯಾಂಪಲ್ ನೋಡಿದ್ರೆ ಸಾಕು, ಲಾಟ್ ಹೆಂಗಿದೆ ಅಂತ ಗೊತ್ತಾಗ್ಬಿಡುತ್ತೆ."

ಒಳಗಿನಿಂದ ಆಂಟಿ, ಅಂದರೆ ಅವರ ಹೆಂಡತಿ, "ಕೊಡ್ರೀ, ಹುಡುಗಿ ಓದಿರೋ ಹಾಗಿದಾಳೆ" ಎಂದರು. ಆ ಮಾತಿನ ಮೇಲೆ ನಮಗೆ ಮನೆ ಸಿಕ್ಕಿತು. ನಾನು ಓದಿದ್ದು ಹೌದು. ಊರಿನಲ್ಲಿ ಟೀಚರ್ ತರಬೇತಿ ಮುಗಿಸಿ ಬಂದಿದ್ದೆ, ಬೆಂಗಳೂರಿನಲ್ಲಿ ಯಾವುದಾದರೂ ಶಾಲೆಯಲ್ಲಿ ಕನ್ನಡ ಕಲಿಸಬೇಕು ಎಂಬುದು ನನ್ನ ಆಸೆ. ಗಂಡ ಮಹದೇವಪುರದ ಟೆಕ್ ಪಾರ್ಕುಗಳಿಗೆ ಕ್ಯಾಬ್ ಓಡಿಸುತ್ತಿದ್ದ.

ಆ ಸ್ಯಾಂಪಲ್ಲಿನ ಮಾತು ಅವರ ಬಾಯಲ್ಲಿ ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ಕಾರ್ಖಾನೆಯಲ್ಲಿ ಒಂದು ಟ್ರೇ ತುಂಬ ಬಿಡಿಭಾಗ ಬಂದರೆ ಎಲ್ಲವನ್ನೂ ಅಳೆಯುತ್ತ ಕೂರುವುದಿಲ್ಲವಂತೆ. ಕೆಲವನ್ನು ತೆಗೆದು ಅಳೆದು, ಅವು ಸರಿಯಿದ್ದರೆ ಇಡೀ ಟ್ರೇಗೆ, ಅಂದರೆ ಲಾಟಿಗೆ, ಪಾಸ್ ಎಂದು ಮುದ್ರೆ ಒತ್ತುವುದು. ಕಾರ್ಖಾನೆಯಲ್ಲಿ ಅದಕ್ಕೊಂದು ಕ್ರಮ ಇದ್ದೀತು, ಎಲ್ಲೆಲ್ಲಿಂದ ಆರಿಸಬೇಕೆಂಬ ನಿಯಮವೂ ಇದ್ದೀತು. ಇವರು ಅದನ್ನು ಮನೆಗೆ ತಂದುಕೊಂಡಿದ್ದರು, ನಿಯಮವನ್ನು ಅಲ್ಲಿಯೇ ಬಿಟ್ಟು. ಟೊಮೆಟೊ ರಾಶಿಯ ಮೇಲಿನ ಎರಡನ್ನು ಒತ್ತಿ ನೋಡಿ ಚೀಲ ತುಂಬಿಸಿಕೊಂಡು ಬರುತ್ತಿದ್ದರು. ಆಂಟಿ ಕೆಳಗಿನ ಕೊಳೆತವನ್ನು ಆರಿಸಿ ಎಸೆಯುತ್ತ, "ಲಾಟ್ ಪಾಸ್ ಆಗಿದೆ, ಬುಟ್ಟಿ ಫೇಲ್ ಆಗಿದೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳುತ್ತಿದ್ದರು.

ಒಂದು ಮಾತು ಹೇಳದಿದ್ದರೆ ಸುಳ್ಳು ಬರೆದಂತಾಗುತ್ತದೆ. ನನ್ನ ಗಂಡನಿಗೆ ಡೆಂಗಿ ಜ್ವರ ಬಂದಾಗ ತಮ್ಮ ಕಾರಿನಲ್ಲಿ ಹಲಸೂರಿನ ಆಸ್ಪತ್ರೆಗೆ ಕರೆದೊಯ್ದವರು ಅವರೇ. ಇಡೀ ದಿನ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದು, ಎಳನೀರು ತಂದು ಕೊಟ್ಟು, ಸಂಜೆ ನನ್ನನ್ನು ಮನೆಗೆ ತಂದು ಬಿಟ್ಟಿದ್ದರು. ಆ ಉಪಕಾರವನ್ನು ಆಮೇಲೆ ಒಮ್ಮೆಯೂ ಎತ್ತಿ ಆಡಲಿಲ್ಲ. ಮೆಚ್ಚಿಕೊಂಡು ಬರೆಯುತ್ತಿಲ್ಲ, ನಡೆದದ್ದಕ್ಕೆ ಬರೆಯುತ್ತಿದ್ದೇನೆ.

ಇನ್ನು ಆ ಕಾರು. ಸಣ್ಣದು, ಬಿಳಿ ಬಣ್ಣ ಹೋಗಿ ಹಾಲಿನ ಕೆನೆಯ ಬಣ್ಣಕ್ಕೆ ಬಂದಿತ್ತು. ಕ್ಯಾಸೆಟ್ ಹಾಕುವ ಪ್ಲೇಯರ್ ಇತ್ತು, ಅದರೊಳಗೆ ಯಾವುದೋ ಭಜನೆಯ ಕ್ಯಾಸೆಟ್ ಸಿಕ್ಕಿಹಾಕಿಕೊಂಡು ಹೊರಗೂ ಬಾರದೆ ಹಾಡಲೂ ಹಾಡದೆ ಉಳಿದಿತ್ತು. ಅವರ ಅಕ್ಕನ ಮಗ ಒಬ್ಬ ಹೊಸ ಕಾರು ತೆಗೆದುಕೊಂಡು ತೋರಿಸಲು ಬಂದ. ಟಿವಿಯಷ್ಟು ದೊಡ್ಡ ಪರದೆ, ದಾರಿ ಹೇಳುತ್ತದೆ, ಹಾಡು ಹಾಕುತ್ತದೆ, ಹಿಂದಕ್ಕೆ ಬರುವಾಗ ಹಿಂದಿನದು ತೋರಿಸುತ್ತದೆ. ಹೋಗುವಾಗ ಆ ಹುಡುಗ ಮಾವನ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, "ಮಾವ, ಇದನ್ನ ಎಕ್ಸ್‌ಚೇಂಜ್‌ಗೂ ತಗೊಳಲ್ಲ. ಗುಜರಿಗೆ ಹಾಕ್ಬಿಡಿ" ಎಂದ.

ಅಂಕಲ್ ನಕ್ಕು ಕಳಿಸಿದರು. ಗೇಟು ಹಾಕಿದ ಮೇಲೆ ನಗು ಇರಲಿಲ್ಲ. "ನೋಡ್ತಾ ಇರಮ್ಮ, ಅವನದ್ರಲ್ಲಿ ಇರೋದೆಲ್ಲಾ ಇದ್ರಲ್ಲಿ ತರ್ಸಿ, ಅವನನ್ನೇ ಕೂರಿಸ್ಕೊಂಡು ಹೋಗ್ತೀನಿ" ಎಂದರು. ಸಿಟ್ಟಿನಿಂದ ಶುರುವಾದ ಕೆಲಸ ಅದು, ನನ್ನದಲ್ಲ, ಅವರದು. ಹಾಗಾಗಿ ಸಿಟ್ಟು ಎಂದರೇನು ಎಂದು ಅವರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ.

ಕ್ಯಾಸೆಟ್ ಪ್ಲೇಯರ್ ಕಿತ್ತು ಹಾಕಿದರು. ಅದರ ಜಾಗಕ್ಕೆ ಅಂಗೈ ಅಗಲದ ಒಂದು ಕಂಪ್ಯೂಟರ್ ಬೋರ್ಡು, ಮುಟ್ಟಿದರೆ ಕೆಲಸ ಮಾಡುವ ಪರದೆ, ಉಪಗ್ರಹದಿಂದ ಕಾರಿನ ಜಾಗ ಹಿಡಿಯುವ ಪುಟ್ಟ ಆಂಟೆನಾ, ಬ್ಯಾಟರಿಯಿಂದ ಬರುವ ಕರೆಂಟನ್ನು ಬೋರ್ಡಿಗೆ ಬೇಕಾದಷ್ಟಕ್ಕೆ ಇಳಿಸುವ ಇನ್ನೊಂದು ಡಬ್ಬಿ. ಪರದೆ ಕೂರಿಸಲು ಚೌಕಟ್ಟು ಬೇಕೆಂದು ನನ್ನ ಗಂಡನನ್ನು ಜತೆಗೆ ಕರೆದುಕೊಂಡು ಶಿವಾಜಿನಗರದ ಹಳೇ ಸ್ಪೇರ್ ಪಾರ್ಟ್ಸ್ ಗಲ್ಲಿಗಳನ್ನೆಲ್ಲ ಸುತ್ತಿದರು. ಅಂಗಡಿಯ ಸಾಬರೊಬ್ಬರು ಈ ಚೌಕಟ್ಟು ದೊಡ್ಡ ಗಾಡಿಯದು, ನಿಮ್ಮದಕ್ಕೆ ಕೂರುವುದಿಲ್ಲ ಎಂದು ಉರ್ದು ಬೆರೆತ ಕನ್ನಡದಲ್ಲಿ ಹೇಳಿದರಂತೆ. ಇವರು ತಂದು, ಅರದಿಂದ ಉಜ್ಜಿ ಉಜ್ಜಿ ಕೂರಿಸಿದರು. ಮತ್ತು ವಾರಗಟ್ಟಲೆ ಆ ಸಾಬರು ಮಾತಾಡಿದ ರೀತಿಯನ್ನು ಅನುಕರಿಸಿ ಎಲ್ಲರನ್ನೂ ನಗಿಸಿದರು. ಕೆಲಸದ ಕೈ ಒಳ್ಳೆಯದಿತ್ತು ಅವರಿಗೆ. ನಾಲಿಗೆಯೇ ಸರಿಯಿರಲಿಲ್ಲ.

ಮೊದಲ ದಿನ ನಕ್ಷೆ ಹಾಕಿಕೊಂಡು ಹೊರಟಾಗ ಆಂಟಿಯೂ ನಾನೂ ಹಿಂದೆ ಕೂತಿದ್ದೆವು. ಹಲಸೂರಿನ ಟ್ರಾಫಿಕ್ಕಿನಲ್ಲಿ ನಿಂತಿದ್ದೇವೆ, ಪರದೆಯ ಮೇಲೆ ನಮ್ಮ ಕಾರು ಹಲಸೂರು ಕೆರೆಯ ನಡುಮಧ್ಯೆ ಇದೆ.

"ರೀ, ನಾವು ನೀರಲ್ಲಿದೀವಿ" ಎಂದರು ಆಂಟಿ.

"ಸುಮ್ನಿರೆ, ಸ್ಯಾಟಲೈಟ್ ಹುಡುಕ್ತಾ ಇದೆ."

"ಸ್ಯಾಟಲೈಟ್ ಹುಡುಕೋವಷ್ಟ್ರಲ್ಲಿ ಮುಳುಗೋಗ್ತೀವಿ."

ಆಂಟೆನಾವನ್ನು ಅವರು ತಗಡಿನ ಪಟ್ಟಿಯ ಕೆಳಗೆ ಅಂಟಿಸಿದ್ದರು. ಮಾರನೆಯ ದಿನ ಅದನ್ನು ಗಾಜಿನ ಹತ್ತಿರಕ್ಕೆ ತಂದ ಮೇಲೆ ಕಾರು ನೀರಿನಿಂದ ಮೇಲೆದ್ದು ರಸ್ತೆಗೆ ಬಂತು. ಆ ದಿನ ನಾವು ಮೂವರೂ ಒಟ್ಟಿಗೆ ನಕ್ಕಿದ್ದೆವು. ಆ ಕಾರಿನಲ್ಲಿ ನಾನು ಹಾಗೆ ನಕ್ಕಿದ್ದು ಅದೇ ಕೊನೆ.

ಆಮೇಲೆ ದನಿಯ ವಿಷಯ ಬಂತು. ದಾರಿ ಹೇಳುವ ತಂತ್ರಾಂಶದಲ್ಲಿ ಇಂಗ್ಲಿಷಿನ ಹೆಂಗಸೊಬ್ಬಳು ಮಾತಾಡುತ್ತಿದ್ದಳು. ಅದರ ಬದಲು ನಮಗೆ ಬೇಕಾದವರ ದನಿಯಲ್ಲಿ ಎಡಕ್ಕೆ, ಬಲಕ್ಕೆ, ನೇರಕ್ಕೆ, ದಾರಿ ತಪ್ಪಿತು, ಜಾಗ ಬಂತು ಎಂದು ಒಂದೊಂದಾಗಿ ಹೇಳಿಸಿ ತುಂಬಬಹುದಂತೆ. "ನೀನ್ ಹೇಳಮ್ಮ, ನಿನ್ ವಾಯ್ಸ್ ಕ್ಲಿಯರ್ ಆಗಿದೆ" ಎಂದರು. ನನಗೆ ಹಿಗ್ಗು. ತರಬೇತಿಯಲ್ಲಿ ಕಲಿತ ಹಾಗೆ ‘ಮುಂದೆ ಎಡಕ್ಕೆ ತಿರುಗಿರಿ’ ಎಂದು ಸ್ಪಷ್ಟವಾಗಿ ಓದಿದೆ.

"ಹಂಗಲ್ಲಮ್ಮ. ಮನೇಲಿ ನಿನ್ ಗಂಡನ್ ಹತ್ರ ಹೆಂಗ್ ಮಾತಾಡ್ತೀಯೋ ಹಂಗೆ. ನಿಮ್ಮೂರ್ ಥರ. ಅದೇ ಚೆನ್ನಾಗಿರೋದು."

ಬೆಂಗಳೂರಿಗೆ ಬಂದ ಮೇಲೆ ನಮ್ಮ ಮಾತು ಚೆನ್ನಾಗಿದೆ ಎಂದ ಮೊದಲ ಮನುಷ್ಯ ಅವರು. ಮಾರ್ಕೆಟ್ ರಸ್ತೆಯ ಗದ್ದಲ ಬಾರದಂತೆ ಕಾರಿನ ಗಾಜುಗಳಿಗೆ ಕೌದಿ ಮುಚ್ಚಿ, ಒಳಗೆ ಬೆವರುತ್ತ ಕೂತು ಹೇಳಿದೆ. ನಡುನಡುವೆ ಕಾರ್ಖಾನೆಯ ವಿಮಾನ ತಲೆಯ ಮೇಲೆ ಹಾರಿ ಎಲ್ಲ ಕೆಡುತ್ತಿತ್ತು, ಮತ್ತೆ ಹೇಳುತ್ತಿದ್ದೆ. ‘ಎಡಗಡಿ ಹೊಳ್ರಿ.’ ‘ಬಲಗಡಿ ಹೊಳ್ರಿ.’ ತಿರುಗುವುದಕ್ಕೆ ನಮ್ಮ ಕಡೆ ಹೊಳ್ಳುವುದು ಎನ್ನುತ್ತೇವೆ. ‘ಸೀದಾ ಹೋಗ್ರಿ.’ ‘ಬಂತ್ ನೋಡ್ರಿ, ಇಳೀರಿ.’

"ಈಗ ನಿನ್ ಗಂಡ ದಾರಿ ತಪ್ಪಿದ ಅಂತ ಇಟ್ಕೋ. ಏನಂತೀಯ?"

"ಅಯ್ಯ, ಎತ್ತಾಗ ಹೊಂಟೀರಿ? ಹೊಳ್ಳಿ ಬರ್ರಿ."

ಅವರು ತೊಡೆ ತಟ್ಟಿ ನಕ್ಕರು. ಖುಷಿಗೆ ನಕ್ಕರು ಅಂದುಕೊಂಡೆ.

ಕೆಲವು ವಾರಗಳ ನಂತರ ಇಂದಿರಾನಗರದಲ್ಲಿ ಅವರ ನೆಂಟರ ಮನೆಯ ಗೃಹಪ್ರವೇಶ. ಅಡುಗೆಯವರ ಜತೆ ಸ್ವಲ್ಪ ಕೈಜೋಡಿಸು ಎಂದು ಆಂಟಿ ನನ್ನನ್ನೂ ಕರೆದರು. ಆ ಅಕ್ಕನ ಮಗ ಮುಂದೆ ಕೂತಿದ್ದ, ಹಿಂದೆ ನಾನು, ಆಂಟಿ, ಇನ್ನೊಬ್ಬರು ನೆಂಟರ ಹೆಂಗಸು. ಕಾರು ಗಲ್ಲಿ ದಾಟಿತು. ನನ್ನ ದನಿ ‘ಎಡಗಡಿ ಹೊಳ್ರಿ’ ಎಂದಿತು. ಕಾರಿನಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು.

"ಮಾವ, ರಾಂಗ್ ಟರ್ನ್ ತಗೊಳ್ಳಿ ಮಾವ, ಬೈತಾಳೆ" ಎಂದ ಹುಡುಗ.

ಅವರು ಬೇಕೆಂದೇ ತಪ್ಪು ತಿರುವು ತೆಗೆದುಕೊಂಡರು. ‘ಅಯ್ಯ, ಎತ್ತಾಗ ಹೊಂಟೀರಿ? ಹೊಳ್ಳಿ ಬರ್ರಿ.’ ಮತ್ತೆ ನಗು. ಮತ್ತೊಂದು ತಪ್ಪು ತಿರುವು. ಇಂದಿರಾನಗರದ ಅಡ್ಡರಸ್ತೆಗಳಲ್ಲಿ ಸುತ್ತಿ ಸುತ್ತಿ ನನ್ನಿಂದ ಅದನ್ನೇ ಹೇಳಿಸಿದರು. ನಾನು ಹಿಂದೆಯೇ ಕೂತಿದ್ದೇನೆ ಎಂಬುದು ಯಾರಿಗೂ ನೆನಪಿರಲಿಲ್ಲ, ಅಥವಾ ನೆನಪಿದ್ದೂ ಏನೂ ಅನಿಸಲಿಲ್ಲ. ಆಂಟಿ ಸೆರಗು ಬಾಯಿಗೆ ಹಿಡಿದಿದ್ದರು. ಅವರ ಭುಜ ಕುಲುಕುತ್ತಿದ್ದುದು ನನ್ನ ಭುಜಕ್ಕೆ ತಾಗುತ್ತಿತ್ತು. ಹುಡುಗ ಎಲ್ಲವನ್ನೂ ಫೋನಿನಲ್ಲಿ ಹಿಡಿದುಕೊಂಡ.

ಆ ತುಣುಕು ಎಲ್ಲೆಲ್ಲಿ ಹೋಯಿತೋ. ತರಕಾರಿ ಅಂಗಡಿಯವನು ‘ಹೊಳ್ಳಿ ಬರ್ರಿ’ ಎಂದು ಚಿಲ್ಲರೆ ಕೊಟ್ಟ. ನನ್ನ ಗಂಡನ ಕ್ಯಾಬಿನಲ್ಲಿ ಕೂತ ಯಾರೋ ಅದನ್ನೇ ಹಾಕಿಕೊಂಡು ನಗುತ್ತಿದ್ದರಂತೆ, ಇವನು ಕನ್ನಡಿಯಲ್ಲಿ ನೋಡುತ್ತ ಗಾಡಿ ಓಡಿಸಿದನಂತೆ. ಮನೆಗೆ ಬಂದು ಊಟ ಮಾಡದೆ ಮಲಗಿದ.

ಅಷ್ಟರಲ್ಲಿ ಇಂದಿರಾನಗರದ ಒಂದು ಶಾಲೆಯಿಂದ ಸಂದರ್ಶನಕ್ಕೆ ಕರೆ ಬಂತು. ಪಾಠ ಮಾಡಿ ತೋರಿಸಿ ಎಂದರು, ಮಾಡಿದೆ. ಹೆಡ್‌ಮಿಸ್ ಪಕ್ಕದವರ ಕಡೆ ಬಾಗಿ ಏನೋ ಹೇಳಿ, ನನ್ನ ಕಡೆ ತಿರುಗಿ ನಕ್ಕರು. "ಕಾರ್ ವಿಡಿಯೋದಲ್ಲಿ ಮಾತಾಡಿರೋದು ನೀವೇ ಅಲ್ವಾ? ಎತ್ತಾಗ ಹೊಂಟೀರಿ? ಸೋ ಕ್ಯೂಟ್. ಆದ್ರೆ ನೋಡಿ, ನಮ್ ಪೇರೆಂಟ್ಸ್ ಸ್ವಲ್ಪ ಬೇರೆ ಥರ. ಮಕ್ಕಳೂ ನಗ್ತಾರೆ. ಕ್ಲಾಸ್ ಕಂಟ್ರೋಲ್ ಕಷ್ಟ ಆಗುತ್ತೆ ನಿಮಗೆ."

ನನ್ನ ಹತ್ತಿರ ಇದ್ದದ್ದು ಆ ದನಿ ಒಂದೇ. ಕಲಿಸುವವಳಿಗೆ ಬೇರೆ ಆಸ್ತಿ ಏನಿರುತ್ತದೆ? ಅದು ಇಡೀ ಊರಿಗೆ ನಗೆಯಾಗಿ ಹೋಗಿತ್ತು. ಬಸ್ಸಿನಲ್ಲಿ ಕಂಡಕ್ಟರಿಗೆ ತಿಪ್ಪಸಂದ್ರ ಎಂದು ಹೇಳುವುದಕ್ಕೂ ನಾಲಿಗೆ ಹಿಂಜರಿಯಿತು, ಬೆರಳು ತೋರಿಸಿ ಟಿಕೆಟ್ ತೆಗೆದುಕೊಂಡೆ. ಆ ದಿನ ಬಸ್ಸಿನಲ್ಲಿ ಒಂದೇ ಯೋಚನೆ. ನನ್ನ ದನಿ ಆ ಕಾರಿನಿಂದ ಹೊರಗೆ ಬರಬೇಕು.

ಸಂಜೆ ಕೆಳಗಿಳಿದು ಹೋದೆ. ಅವರು ಪಂಚೆಯ ತುದಿಯಿಂದ ಪರದೆ ಒರೆಸುತ್ತಿದ್ದರು.

"ಅಂಕಲ್, ನನ್ನ ದನಿ ತೆಗೆದು ಬಿಡ್ರಿ."

"ಯಾಕಮ್ಮ? ಎಷ್ಟ್ ಫೇಮಸ್ ಆಗಿದೀಯ ಗೊತ್ತಾ?"

"ನನಗ ಕೆಲಸ ಸಿಗಲಿಲ್ರಿ ಅದರಿಂದ. ಎಲ್ಲಾರೂ ನಗ್ತಾರ."

"ನಗೋದು ಒಳ್ಳೇದಲ್ವೇನಮ್ಮ. ತಮಾಷೆನ ತಮಾಷೆ ಥರ ತಗೋಬೇಕು. ಇಷ್ಟ್ ಕಷ್ಟ ಪಟ್ಟು ಫಿಟ್ ಮಾಡಿದೀನಿ, ಸುಮ್ನೆ ಕಿತ್ತಾಕು ಅಂದ್ರೆ?" ಎಂದು ಡ್ಯಾಶ್‌ಬೋರ್ಡನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಮಾತು ಮುಗಿಯಿತು ಎನ್ನುವುದಕ್ಕೆ ಅವರು ಹಾಗೆ ಕುಟ್ಟುತ್ತಿದ್ದರು.

ನಾನು ಮೇಲೆ ಹೋದೆ. ಅಳಲಿಲ್ಲ. ಇವರನ್ನು ಬಿಡುವುದಿಲ್ಲ ಎಂದುಕೊಂಡೆ, ಅಷ್ಟೆ. ಅವರ ಮಾತನ್ನು ಗಮನವಿಟ್ಟು ಕೇಳಲು ಶುರು ಮಾಡಿದ್ದು ಆಗ. ಗೇಟಿನ ಹತ್ತಿರ, ನಲ್ಲಿಯ ಹತ್ತಿರ, ಮೆಟ್ಟಿಲ ಮೇಲೆ. ಪ್ರತಿ ವಾಕ್ಯದ ಕೊನೆಯ ‘ಅಮ್ಮ’ವನ್ನು ಎಳೆಯುವ ರೀತಿ, ಮಾತಿಗೆ ಮೊದಲು ಗಂಟಲಲ್ಲಿ ತೆಗೆಯುವ ಸಣ್ಣ ಸದ್ದು, ಮೂಗಿನಲ್ಲಿ ಮುಗಿಸುವುದು. ಪಾತ್ರೆ ತೊಳೆಯುತ್ತ ಅಭ್ಯಾಸ ಮಾಡಿದೆ. ಒಂದು ದಿನ ಬಾತ್‌ರೂಮಿನಲ್ಲಿದ್ದ ಗಂಡ ಗಾಬರಿಯಿಂದ ನಲ್ಲಿ ಬಂದ್ ಮಾಡಿ, "ಅಂಕಲ್ ಬಂದಾರೇನು?" ಎಂದ. ಆಗ ನನ್ನ ಅಭ್ಯಾಸ ಸಾಕು ಎನಿಸಿತು.

ಅವಕಾಶ ಅವರೇ ತಂದು ಕೊಟ್ಟರು. ಹಲಸೂರಿನ ಒಂದು ಹಾಲಿನಲ್ಲಿ ಅವರ ಹಳೆಯ ಸಹೋದ್ಯೋಗಿಗಳ ಕೂಟವಿತ್ತು, ಅಲ್ಲಿ ಕಾರನ್ನು ಎಲ್ಲರಿಗೂ ತೋರಿಸಬೇಕೆಂದು ಅವರ ಆಸೆ. ಅದಕ್ಕಾಗಿ ಒಳಗಿನ ತಂತ್ರಾಂಶವನ್ನು ಹೊಸದು ಮಾಡಿದ್ದರು. ಹಳೆಯ ಧ್ವನಿಗಳು ಅದಕ್ಕೆ ಹೊಂದುತ್ತಿರಲಿಲ್ಲ, ಎಲ್ಲವನ್ನೂ ಮತ್ತೆ ಹೇಳಬೇಕಿತ್ತು, ಯೂ ಟರ್ನಿನಂಥ ಹೊಸ ಮಾತುಗಳೂ ಸೇರಿದ್ದವು.

"ಬೇಜಾರ್ ಮಾಡ್ಕೋಬೇಡಮ್ಮ. ಇದೊಂದ್ ಸಲ. ಕೂಟಕ್ಕೆ ನಿನ್ನೂ ಕರ್ಕೊಂಡ್ ಹೋಗ್ತೀನಿ, ಇವಳೇ ಆ ಆರ್ಟಿಸ್ಟು ಅಂತ ತೋರಿಸ್ತೀನಿ" ಎಂದು ತಮ್ಮ ರೆಕಾರ್ಡರ್ ನನ್ನ ಕೈಗಿಟ್ಟರು. ಯಾವಾಗ ವಿಮಾನದ ಸದ್ದಿಲ್ಲವೋ ಆಗ ಹೇಳು ಎಂದರು.

ಟ್ರೇಯ ಮೇಲೆ ಒಳ್ಳೆಯದನ್ನು ಇಡಬೇಕು ಎಂಬುದು ನನಗೆ ಗೊತ್ತಿತ್ತು. ‘ಎಡಗಡಿ ಹೊಳ್ರಿ’, ‘ಬಲಗಡಿ ಹೊಳ್ರಿ’ ಇವೆರಡನ್ನು ಮೊದಲಿನ ಹಾಗೆಯೇ, ಮೊದಲಿಗಿಂತ ಚೆನ್ನಾಗಿಯೇ ಹೇಳಿದೆ. ಉಳಿದದ್ದನ್ನೆಲ್ಲ ಅವರ ದನಿಯಲ್ಲಿ ಹೇಳಿದೆ. ಕೊಟ್ಟಾಗ ಅವರು ಮೊದಲಿನ ಎರಡನ್ನು ಕಿವಿಗಿಟ್ಟು ಕೇಳಿ, ನಕ್ಕು, "ಲಾಟ್ ಪಾಸ್" ಎಂದು ಕಾರಿಗೆ ತುಂಬಿಸಿದರು.

ಕೂಟದ ದಿನ ಅವರ ಹಳೆಯ ಗೆಳೆಯರೊಬ್ಬರು ಮುಂದಿನ ಸೀಟಿನಲ್ಲಿ ಕೂತರು. ದಪ್ಪ ಮನುಷ್ಯ, ಅದೇ ವಿಭಾಗದವರಂತೆ. ನಾನೂ ಆಂಟಿಯೂ ಹಿಂದೆ. ಗಲ್ಲಿಯ ಕೊನೆಯಲ್ಲಿ ‘ಎಡಗಡಿ ಹೊಳ್ರಿ’ ಬಂತು. ಗೆಳೆಯರು ನಕ್ಕರು.

"ಇದೇನ್ ಗುರು, ಇನ್ನೂ ಇದೆ ಕೇಳು" ಎಂದು ಅಂಕಲ್ ಇಂದಿರಾನಗರದಲ್ಲಿ ಬೇಕೆಂದೇ ತಪ್ಪು ರಸ್ತೆಗೆ ಕಾರು ನುಗ್ಗಿಸಿದರು. ಕನ್ನಡಿಯಲ್ಲಿ ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು.

ಗಂಟಲಿನ ಸಣ್ಣ ಸದ್ದು ಮೊದಲು ಬಂತು. ಆಮೇಲೆ, "ಯಾರನ್ನ ಕೇಳಿ ಈ ಕಡೆ ಬಂದ್ಯಮ್ಮ? ನಂಗೊಂದ್ ಮಾತು ಹೇಳೋದಲ್ವಾ?"

ಅಂಕಲ್ ಪರದೆಯನ್ನೇ ನೋಡಿದರು. ಹಿಂದಿನವನು ಹಾರ್ನ್ ಹೊಡೆದ. ಕಾರು ನೇರ ದಾರಿಗೆ ಬಂದ ಕೂಡಲೇ ಮತ್ತೆ: "ಸ್ಟ್ರೈಟ್ ಹೋಗ್ತಿರಮ್ಮ. ಗೋಡೆ ಮುಟ್ಬೇಡ, ಈಗ ತಾನೇ ಪೇಂಟ್ ಮಾಡ್ಸಿದೀನಿ."

ನಗು ಮೊದಲು ಬಂದದ್ದು ನನ್ನ ಪಕ್ಕದಿಂದ. ಆಂಟಿ ಈ ಸಲ ಸೆರಗು ಹಿಡಿಯಲಿಲ್ಲ. ತಲೆಯನ್ನು ಹಿಂದಕ್ಕೆ ಒರಗಿಸಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎಷ್ಟೋ ವರ್ಷ ಕೂಡಿಟ್ಟ ನಗುವನ್ನು ಒಮ್ಮೆಗೇ ಖರ್ಚು ಮಾಡಿದ ಹಾಗಿತ್ತು. ಅದನ್ನು ನೋಡಿ ಗೆಳೆಯರೂ ಶುರು ಮಾಡಿದರು. "ಲೋ, ಇದು ನೀನೇ ಅಲ್ವೇನೋ? ಥೇಟು ನೀನೇ. ಕ್ಯಾಂಟೀನಲ್ಲಿ ಹಿಂಗೇ ಅಂತಿದ್ದೆ."

ಅಂಕಲ್ ಪರದೆ ಒತ್ತಿದರು. ದನಿ ನಿಲ್ಲಲಿಲ್ಲ. ಯಾರೂ ಅದರ ಬಾಯಿ ಮುಚ್ಚಿಸಬಾರದೆಂದು ಅವರೇ ಸ್ಪೀಕರಿನ ತಂತಿಯನ್ನು ಪರದೆಯ ಹಿಡಿತಕ್ಕೆ ಸಿಗದ ಹಾಗೆ ಬೇರೆಯಾಗಿ ಎಳೆದಿದ್ದರು. ಕಾರು ಆರಿಸಿದರೆ ಮಾತ್ರ ಅದು ಸುಮ್ಮನಾಗಬೇಕು, ಹಲಸೂರಿನ ಆ ಟ್ರಾಫಿಕ್ಕಿನಲ್ಲಿ ಕಾರು ಆರಿಸುವಂತಿರಲಿಲ್ಲ. "ನೀರು ಕಮ್ಮಿ ಬಿಡಮ್ಮ, ಯೂ ಟರ್ನ್ ತಗೋ." "ರೊಟ್ಟಿ ಬಡೀಬೇಡಮ್ಮ, ಇನ್ನೂರು ಮೀಟರ್ ಆದ್ಮೇಲೆ ಬಲಕ್ಕೆ." ನಾನು ನಗಲಿಲ್ಲ. ಕನ್ನಡಿಯಲ್ಲಿ ಕಾಣುತ್ತಿದ್ದ ಅವರ ಕಿವಿಯನ್ನೇ ನೋಡುತ್ತ ಕೂತಿದ್ದೆ. ಅದು ಕೆಂಪಾಗುತ್ತ ಹೋದದ್ದನ್ನು ನೋಡಿ ನನಗೆ ಆದ ಸಂತೋಷ ಇವತ್ತಿಗೂ ಕಡಿಮೆಯಾಗಿಲ್ಲ.

ಹಾಲಿನ ಮುಂದೆ ಕಾಯುತ್ತ ನಿಂತಿದ್ದ ಸಹೋದ್ಯೋಗಿಗಳೆಲ್ಲ ಕಾರನ್ನು ಸುತ್ತುವರಿದಾಗ ಅದು ಗಂಟಲು ಸರಿ ಮಾಡಿಕೊಂಡು ಹೇಳಿತು: "ಬಂದ್ರಾ? ಚಪ್ಪಲಿ ಆಚೆ ಬಿಡಿ. ಎಷ್ಟ್ ಜನ ಬಂದಿದೀರಾ? ಎಷ್ಟ್ ದಿನ ಇರ್ತೀರಾ?"

ಅಲ್ಲಿ ಎದ್ದ ನಗೆ ಹಾಲಿನೊಳಗಿದ್ದವರನ್ನೂ ಹೊರಗೆ ಕರೆತಂದಿತು. ಮತ್ತೊಮ್ಮೆ ಹಾಕು, ಮತ್ತೊಮ್ಮೆ ಹಾಕು ಎಂದರು. ಒಬ್ಬರು ಫೋನು ತೆಗೆಯುವಷ್ಟರಲ್ಲಿ ಅವರು ಕಾರು ಆರಿಸಿಬಿಟ್ಟರು.

ವಾಪಸು ಬರುವಾಗ ಪರದೆ ಕಪ್ಪಾಗಿತ್ತು. ಒಂದು ಒನ್‌ವೇ ತಪ್ಪಿ ಎಲ್ಲೋ ಸುತ್ತಿದರು. ಗೇಟಿನ ಹತ್ತಿರ ಇಳಿಯುವಾಗ ಅವರು ನನ್ನ ಕಡೆ ನೋಡದೆ, "ಪೂರ್ತಿ ಕೇಳ್ಬೇಕಿತ್ತು ನಾನು" ಎಂದರು. ಕ್ಷಮೆ ಕೇಳಿದರೋ, ತಮ್ಮ ಪರೀಕ್ಷೆಯ ಲೋಪ ಹೇಳಿಕೊಂಡರೋ ತಿಳಿಯಲಿಲ್ಲ. ಕ್ಷಮೆಯಾಗಿದ್ದರೆ ಅದನ್ನು ನಾನು ತೆಗೆದುಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಕಾರಿನೊಳಗಿದ್ದ ಎಲ್ಲ ಧ್ವನಿಗಳನ್ನೂ ಅಳಿಸಿ ಹಾಕಿದರು. ನನ್ನ ದನಿ ಹೊರಗೆ ಬಂತು. ಜತೆಗೆ ನಾವೂ. ನೆಂಟರು ಬರುತ್ತಾರೆ, ಮನೆ ಖಾಲಿ ಮಾಡಿ ಎಂದರು. ಬೆಂಗಳೂರಿನಲ್ಲಿ ಬಾಡಿಗೆಯವರನ್ನು ಬಿಡಿಸಬೇಕಾದಾಗಲೆಲ್ಲ ಓನರುಗಳಿಗೆ ಎಲ್ಲಿಂದಲೋ ನೆಂಟರು ಬರುತ್ತಾರೆ.

"ನಿನ್ನ ಸಿಟ್ಟಿಗೆ ಮನಿ ಹೋತು ನೋಡು" ಎಂದ ಗಂಡ, ಸಾಮಾನು ಕಟ್ಟುತ್ತ.

"ಹೋಗ್ಲಿ. ಇಂಥಾ ಮನಿ ಇನ್ನೊಂದು ಸಿಗ್ತದ" ಎಂದೆ.

ಮಹದೇವಪುರಕ್ಕೆ ಬಂದೆವು. ಮಳೆ ಬಂದರೆ ನೀರು ನುಗ್ಗುವ ಮನೆ. ಈಗ ಇಲ್ಲಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದೇನೆ. ಯಾದಗಿರಿ, ರಾಯಚೂರು ಕಡೆಯ ಮಕ್ಕಳೇ ಜಾಸ್ತಿ, ಅಪ್ಪ ಅಮ್ಮ ಅಪಾರ್ಟ್‌ಮೆಂಟ್ ಕಟ್ಟುವವರು. ಹೊಳ್ಳಿ ಕೂಡ್ರಿ ಎಂದರೆ ತಿರುಗಿ ಕೂರುತ್ತಾರೆ, ಯಾರೂ ನಗುವುದಿಲ್ಲ.

ತಿಥಿಯ ದಿನ ಒಬ್ಬಳೇ ಹೋದೆ. ಗಂಡನಿಗೆ ಟ್ರಿಪ್ ಇತ್ತು. ಯಾಕೆ ಹೋದೆ ಎಂದರೆ, ಆಂಟಿ ಫೋನಿನಲ್ಲಿ ಬಾ ಎಂದಿದ್ದರು. ಊಟವಾದ ಮೇಲೆ ಅವರು ನನ್ನ ಕೈ ಹಿಡಿದು ಹೊರಗೆ ನಿಲ್ಲಿಸಿದ್ದ ಕಾರಿನ ಹತ್ತಿರ ಕರೆದೊಯ್ದರು. ಹಿಂದಿನ ಬಾಗಿಲು ತೆಗೆದು ಇಬ್ಬರೂ ಕೂತೆವು. ಡ್ರೈವರ್ ಸೀಟು ಖಾಲಿ. ಆಂಟಿ ತುಂಬ ಇಳಿದು ಹೋಗಿದ್ದರು.

"ಅವ್ರ ಮೊಬೈಲ್ ಎಲ್ಲಾ ಹುಡುಕ್ಸಿದೆ ಕಣಮ್ಮ" ಎಂದರು. "ವಿಡಿಯೋ ತುಂಬಾ ಇದೆ. ಎಲ್ಲಾ ಅವ್ರೇ ತೆಗ್ದಿದ್ದು. ಒಂದ್ರಲ್ಲೂ ಅವ್ರ ಮಾತಿಲ್ಲ. ಕೆಮ್ಮಿದ್ದು ಒಂದು ಕಡೆ ಇದೆ, ಅಷ್ಟೆ."

ಮುಂದಿನ ಪರದೆಯ ಮೇಲೆ ಧೂಳು ಕೂತಿತ್ತು.

"ನೀನ್ ಮಾಡಿದ್ದು ಇದ್ದಿದ್ರೆ ಆಗಿರೋದು. ಅಳಿಸಿಬಿಟ್ರು ಪುಣ್ಯಾತ್ಮ." ನನ್ನ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಒಂದೇ ಒಂದ್ ಸಲ ಅವ್ರ ಥರ ಮಾತಾಡಮ್ಮ. ಏನಾದ್ರೂ ಸರಿ. ಬೈದ್ರೂ ಸರಿ. ಕಣ್ ಮುಚ್ಕೊಂಡ್ ಕೇಳ್ತೀನಿ."

ಅವರು ನಿಜವಾಗಿಯೂ ಕಣ್ಣು ಮುಚ್ಚಿಕೊಂಡರು. ಆಂಟಿ ಕೇಳುತ್ತಿರುವುದು ತಮಗಾಗಿ ಎಂದು ನನಗೆ ಗೊತ್ತಿತ್ತು. ಆದರೆ ನಾನು ಬಾಯಿ ತೆರೆದರೆ ಆ ಕಾರಿನಲ್ಲಿ ಮತ್ತೆ ಮಾತಾಡುವವರು ಅವರು. ನನ್ನ ಗಂಟಲಿನಲ್ಲಿ, ನನ್ನ ಉಸಿರಿನಲ್ಲಿ, ಇನ್ನೊಮ್ಮೆ.

"ಮರ್ತು ಹೋಗ್ಯದ್ರಿ ಆಂಟಿ" ಎಂದೆ. "ಈಗ ಬರಂಗಿಲ್ರಿ."

ಅವರು ಕಣ್ಣು ತೆರೆದು, "ಹೋಗ್ಲಿ ಬಿಡಮ್ಮ, ಎಷ್ಟ್ ವರ್ಷ ಆಯ್ತು" ಎಂದು ನನ್ನ ಕೈ ಸವರಿದರು. ನಾನು ಇಳಿದು ಬಸ್ ಸ್ಟಾಪಿನ ಕಡೆ ನಡೆದೆ. ಮರೆತಿರಲಿಲ್ಲ. ಅವರ ದನಿ ನಾಲಿಗೆಯ ತುದಿಯಲ್ಲೇ ಇತ್ತು, ಅಷ್ಟು ಚೆನ್ನಾಗಿ ಅದು ನನಗೆ ಹಿಂದೆಂದೂ ಬಂದಿರಲಿಲ್ಲ.